ಕಾಫಿ ಚೆನ್ನಾಗಿತ್ತು, ಕೆಲಸವೂ ಆಯಿತು, ಪುಸ್ತಿಕೆ ಮಾತ್ರ ಅರ್ಧಂಬರ್ಧ: ನಮ್ಮ ವಾರ್ಡ್ ಆಕಾಂಕ್ಷಿಯ 'ಉಚಿತ ಸೇವಾ ಕೇಂದ್ರ'ಕ್ಕೆ ಐದಕ್ಕೆ ಮೂರು

ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ಮೂರು ಸ್ಟಾರ್. ಎರಡು ಸ್ಟಾರ್ ಪಾಲಿಕೆ ಚುನಾವಣೆಗೆ ನಿಲ್ಲಲು ಹೊರಟಿರುವ ಇವರ ಕಚೇರಿಯ ಕೆಲಸಕ್ಕೆ, ಒಂದು ಅವರು ಮನೆಮನೆಗೆ ಹಂಚುತ್ತಿರುವ ಪುಸ್ತಿಕೆಯ ಆರನೇ ಪುಟಕ್ಕೆ. ಮಿಕ್ಕ ಎರಡು ಯಾಕೆ ಕೊಡಲಿಲ್ಲ ಅನ್ನುವುದನ್ನು ಹೇಳುವುದಕ್ಕೇ ಇಷ್ಟುದ್ದ ಬರೆಯಬೇಕಾಯಿತು.

ಯಾವ ವಾರ್ಡ್, ಯಾರು, ಯಾವ ಪಕ್ಷ ಅಂತ ಕೇಳಬೇಡಿ, ಹೇಳುವುದಿಲ್ಲ. ಅವರಿಗೆ ಟಿಕೆಟ್ಟೇ ಇನ್ನೂ ಸಿಕ್ಕಿಲ್ಲ, ಹಾಗಾಗಿ ಪಕ್ಷ ಯಾವುದು ಅಂತ ಅವರಿಗೂ ಪೂರ್ತಿ ಖಾತ್ರಿ ಇದ್ದ ಹಾಗೆ ಕಾಣಲಿಲ್ಲ. ಬೆಂಗಳೂರಿನವರಿಗೆ ಇಂಥ ಕಚೇರಿ ಹೇಗಿರುತ್ತದೆ ಅಂತ ವಿವರಿಸುವ ಅಗತ್ಯವೂ ಇಲ್ಲ. ಮುಖ್ಯರಸ್ತೆಯಲ್ಲಿ ಒಂದು ಶಟರ್ ಮಳಿಗೆ. ಬೋರ್ಡಿನ ಮೇಲೆ ಕೈ ಮುಗಿದ ಫೋಟೋ, ಹೆಸರಿನ ಕೆಳಗೆ 'ಸಮಾಜ ಸೇವಕರು' ಅಂತ ಬರಹ. ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕಂಪ್ಯೂಟರ್, ಗೋಡೆಯ ಮೇಲೆ ದೇವರ ಪಕ್ಕದಲ್ಲೇ ದೊಡ್ಡ ನಾಯಕರು. ಹೊರಗೆ ಬೈಕ್ ಮೇಲೆ ಕೂತ ಹುಡುಗರು.

ಇವು ಇಷ್ಟೊಂದು ಹುಟ್ಟಿಕೊಂಡಿದ್ದಕ್ಕೆ ಕಾರಣ ಇದೆ. ನಾವು ಪಾಲಿಕೆಗೆ ವೋಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ. ಆಗ ಆರಿಸಿ ಬಂದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವತ್ತಿನಿಂದ ಆಡಳಿತಾಧಿಕಾರಿಗಳ ಕೈಯಲ್ಲಿ ಊರು. 2015ರಲ್ಲಿ ಮೂರನೇ ಕ್ಲಾಸಿನಲ್ಲಿದ್ದ ನನ್ನ ಮಗ ಈಗ ವೋಟರ್, ಕಾರ್ಪೊರೇಟರ್ ಅಂದರೆ ಏನು ಮಾಡುತ್ತಾರೆ ಅಂತ ಅವನಿಗೆ ನಿಜವಾಗಿಯೂ ಗೊತ್ತಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿಯಲ್ಲಿ ಬರೆದಿದೆ. ಆದರೆ ವಾರ್ಡುಗಳ ಲೆಕ್ಕ ಮಾತ್ರ 198ರಿಂದ 243, ಅಲ್ಲಿಂದ 225, ಕೊನೆಗೆ ಗ್ರೇಟರ್ ಬೆಂಗಳೂರು ಕಾಯ್ದೆ ಬಂದು 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾಗಿ ಒಟ್ಟು 369 ಅಂತ ಓಡಾಡಿತು. ಪಶ್ಚಿಮ ಪಾಲಿಕೆಯೊಂದರಲ್ಲೇ 112 ವಾರ್ಡು. ಅಷ್ಟು ಸೀಟು ಒಟ್ಟಿಗೆ ಕಂಡರೆ ಅಷ್ಟಕ್ಕೂ ನಾಲ್ಕುನಾಲ್ಕು ಜನ ಆಕಾಂಕ್ಷಿಗಳು ಹುಟ್ಟುವುದು ಸಹಜ ತಾನೇ. ಕಾರ್ಪೊರೇಟರ್ ಇಲ್ಲದ ಜಾಗದಲ್ಲಿ ಕಾರ್ಪೊರೇಟರ್ ಆಗಬೇಕೆಂದಿರುವವರು ಬಂದು ಕೂತಿದ್ದಾರೆ. ನಮ್ಮ ಬೀದಿಯ ಕೊನೆಯಲ್ಲಿರುವವರು ಅವರಲ್ಲಿ ಒಬ್ಬರು.

ಸರಿ, ಸೇವೆ ಹೇಗಿದೆ? ನಾನು ಹೋಗಿದ್ದು ಎರಡು ಕೆಲಸಕ್ಕೆ. ನಮ್ಮ ಅಡ್ಡರಸ್ತೆಯ ಬೀದಿದೀಪ ಉರಿಯುತ್ತಿರಲಿಲ್ಲ. ಇನ್ನೊಂದು, ಇ-ಖಾತಾದಲ್ಲಿ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಅತ್ತೆಯ ಹೆಸರು ತಪ್ಪಾಗಿ ಬಿದ್ದಿತ್ತು.

ದೀಪದ ವಿಷಯದಲ್ಲಿ ಇವರಿಗೆ ಪೂರ್ತಿ ಅಂಕ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ಮೊದಲು ಕೇಳಿದ್ದೇ ಕಂಬದ ನಂಬರು. ನಂಬರ್ ಅಳಿಸಿಹೋಗಿದೆ ಅಂದಾಗ ಒಬ್ಬ ಹುಡುಗನನ್ನು ಬೈಕಿನಲ್ಲಿ ಕಳಿಸಿ, ಪಕ್ಕದ ಕಂಬದ ನಂಬರ್ ಬರೆಸಿಕೊಂಡು ಬಂದು, ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ನನ್ನ ಫೋನಿಗೆ ಕಳಿಸಿದಳು. ದೀಪ ಪಾಲಿಕೆಯದು, ಕಂಬ ಕರೆಂಟ್ ಕಂಪನಿ ಬೆಸ್ಕಾಂನದು, ಯಾವುದು ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಇಷ್ಟು ಸಲೀಸಾಗಿ ಹೇಳಿದವರನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ಅದೇ ವಾರ ದೀಪ ಉರಿಯಿತು.

ಇ-ಖಾತಾ ಸ್ವಲ್ಪ ಎಳೆದಾಡಿತು, ಅದರಲ್ಲಿ ಇವರ ತಪ್ಪೇನಿಲ್ಲ. ತೆರಿಗೆ ರಶೀದಿ, ಕ್ರಯಪತ್ರ, ಆಧಾರ್, ಕರೆಂಟ್ ಬಿಲ್ಲಿನ ಐಡಿ, ಮನೆ ಮುಂದಿನ ಫೋಟೋ ಎಲ್ಲ ತರಿಸಿಕೊಂಡು ತಾಳ್ಮೆಯಿಂದ ಅಪ್‌ಲೋಡ್ ಮಾಡಿದರು. 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತಾ ಬೇಕೇ ಬೇಕು ಅಂತಾದ ಮೇಲೆ ವಯಸ್ಸಾದವರು ಈ ಆನ್‌ಲೈನ್ ಕೆಲಸಕ್ಕೆ ಎಷ್ಟು ಒದ್ದಾಡಿದ್ದಾರೆ ಅಂತ ನಮಗೆಲ್ಲ ಗೊತ್ತು. ಹೊರಗೆ ಏಜೆಂಟರು ಇದಕ್ಕೆ ಬಾಯಿಗೆ ಬಂದಷ್ಟು ಕೇಳುತ್ತಾರೆ. ಇಲ್ಲಿ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಮೇಲೆ ಕಾಫಿ ಕೊಟ್ಟರು, ಡಿಕಾಕ್ಷನ್ ಗಟ್ಟಿಯಾಗಿತ್ತು.

ಆದರೆ ದುಡ್ಡಿಲ್ಲ ಅಂದರೆ ಪುಕ್ಕಟೆ ಅಂತಲ್ಲ. ಕೆಲಸಕ್ಕೆ ಮೊದಲು ಒಂದು ಫಾರಂ ತುಂಬಿಸಿಕೊಳ್ಳುತ್ತಾರೆ. ಹೆಸರು, ಫೋನು, ವಿಳಾಸ ಸರಿ. ಆಮೇಲೆ 'ಮನೆಯಲ್ಲಿರುವ ಒಟ್ಟು ವೋಟುಗಳು', ವೋಟರ್ ಐಡಿ ನಂಬರು, ಮತಗಟ್ಟೆ. ಬೀದಿದೀಪಕ್ಕೂ ನನ್ನ ಮನೆಯ ವೋಟುಗಳಿಗೂ ಏನು ಸಂಬಂಧ ಅಂತ ಕೇಳಿದೆ. ಹುಡುಗಿ ನಕ್ಕಳು, ಅಷ್ಟೇ. 2022ರ ನವೆಂಬರ್‌ನಲ್ಲಿ ಇದೇ ಊರಿನಲ್ಲಿ ಮತದಾರರ ಮಾಹಿತಿ ಸಂಗ್ರಹಿಸಿದ ಹಗರಣ ಎಷ್ಟು ದೊಡ್ಡ ಸುದ್ದಿಯಾಯಿತು ನೆನಪಿದೆ ಅಲ್ವಾ? ಆಗ ಯಾರೋ ಮನೆಬಾಗಿಲಿಗೆ ಬಂದು ಕೇಳಿಕೊಂಡು ಹೋಗಿದ್ದರು, ಈಗ ನಾವೇ ಎದ್ದು ಹೋಗಿ ಕೊಟ್ಟು ಬರುತ್ತಿದ್ದೇವೆ. ಫೋನ್ ನಂಬರ್ ಕೊಟ್ಟ ಮಾರನೆಯ ದಿನದಿಂದಲೇ ಶುರು: ಶುಭೋದಯ, ಏಕಾದಶಿ, ಸಂಕಷ್ಟಿ, ಯಾವುದೋ ನಾಯಕರ ಹುಟ್ಟುಹಬ್ಬ, ಓಂ ಶಕ್ತಿ ಪ್ರವಾಸಕ್ಕೆ ಬಸ್ಸು ಹೊರಡುತ್ತದೆ ಹೆಸರು ಕೊಡಿ. ಅರ್ಧ ಸ್ಟಾರ್ ಇಲ್ಲೇ ಕಳೆದೆ.

ಇನ್ನು ಪುಸ್ತಿಕೆ. ನುಣುಪು ಕಾಗದ, ಹದಿನಾರು ಪುಟ, ಅಷ್ಟೂ ಪುಟಗಳಲ್ಲಿ ಅವರ ಫೋಟೋ. ಹಿಂದಿನ ರಕ್ಷಾಪುಟದಲ್ಲಿ ಅವರ ಶ್ರೀಮತಿಯವರ ಫೋಟೋವೂ ಇದೆ, ಸ್ವಲ್ಪ ಚಿಕ್ಕದಾಗಿ. ಯಾಕೆ ಅಂತ ಬಾಯಿಬಿಟ್ಟು ಹೇಳಬೇಕಿಲ್ಲ. ಅರ್ಧ ಸೀಟು ಹೆಂಗಸರಿಗೆ ಮೀಸಲು, ನಮ್ಮ ವಾರ್ಡ್ ಆ ಅರ್ಧದಲ್ಲಿ ಬಿದ್ದರೆ ಫೋಟೋ ಅದಲುಬದಲು ಮಾಡಿದರೆ ಸಾಕು, ಬರಹ ಹಾಗೇ ಇರಬಹುದು.

ಬರಹ ಓದಿದೆ. ಪೂರ್ತಿ ಓದಿದೆ. ವಾರ್ಡಿನಲ್ಲಿ ಹಾಗೆ ಓದಿದವಳು ನಾನೊಬ್ಬಳೇ ಇರಬೇಕು, ಯಾಕೆಂದರೆ ಪ್ರಶ್ನೆ ಕೇಳಲು ಹೋದಾಗ ಅವರಿಗೇ ಆಶ್ಚರ್ಯವಾಯಿತು. ಮನುಷ್ಯ ಒಳ್ಳೆಯವರು, ಕೂತು ಮಾತಾಡಿದರು, ಫೋನ್ ಬಂದರೂ ಎತ್ತಲಿಲ್ಲ. ಹಾಗಾಗಿ ಕೆಳಗಿನದನ್ನು ದ್ವೇಷದಿಂದ ಬರೆದದ್ದು ಅಂತ ಯಾರೂ ಅಂದುಕೊಳ್ಳಬಾರದು.

ಮೊದಲ ಭರವಸೆಯೇ 'ಪ್ರತಿ ಮನೆಗೆ ಪ್ರತಿದಿನ ಕಾವೇರಿ ನೀರು'. ಕೇಳಲು ಚೆಂದ. ಆದರೆ ನೀರು ಪಾಲಿಕೆಯ ಕೆಲಸವೇ ಅಲ್ಲ. 1964ರಿಂದಲೂ ಅದು ಜಲಮಂಡಳಿಯದು, ಜಲಮಂಡಳಿ ರಾಜ್ಯ ಸರ್ಕಾರದ್ದು. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿಕೊಂಡು ಬರುವ ನೀರನ್ನು ಯಾವ ಬಡಾವಣೆಗೆ ಯಾವ ದಿನ ಬಿಡಬೇಕು ಅನ್ನುವುದರಲ್ಲಿ ಕಾರ್ಪೊರೇಟರ್ ಸಹಿಗೆ ಬೆಲೆ ಇಲ್ಲ. ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್, ಮುಖ್ಯವಾಗಿ 2007ರಲ್ಲಿ ಊರಿಗೆ ಸೇರಿದ 110 ಹಳ್ಳಿಗಳಿಗೆ ಅಂತ. ನೀರು ಬಂದರೂ ಸಂಪರ್ಕಕ್ಕೆ ಕಟ್ಟಬೇಕಾದ ಹಣ ಜಾಸ್ತಿ ಅಂತ ಎಷ್ಟೋ ಜನ ಹಿಂದೆಮುಂದೆ ನೋಡಿದರು. 2025ರ ಏಪ್ರಿಲ್‌ನಲ್ಲಿ ದರವೂ ಏರಿತು, 2014ರ ನಂತರ ಮೊದಲ ಸಲ. ಇದರಲ್ಲಿ ಒಂದನ್ನಾದರೂ ವಾರ್ಡಿನ ಸದಸ್ಯರು ತೀರ್ಮಾನಿಸಿದ್ದುಂಟೇ? ಇದನ್ನೇ ಕೇಳಿದೆ. "ಅಕ್ಕ, ಜನ ನೀರು ಕೇಳ್ತಾರೆ, ನೀರು ಬರೀದೆ ಏನು ಬರೀಲಿ" ಅಂದರು. ನಾನು ಸುಮ್ಮನಾದೆ, ಅದು ನಿಜವೇ. ಆದರೂ 'ಜಲಮಂಡಳಿ ಎಂಜಿನಿಯರ್ ಹಿಂದೆ ಬಿದ್ದು ನೀರಿನ ವೇಳಾಪಟ್ಟಿಯನ್ನು ಬೀದಿಬೀದಿಗೆ ಅಂಟಿಸುತ್ತೇನೆ' ಅಂತ ಬರೆದಿದ್ದರೆ ನಂಬುವ ಹಾಗಿರುತ್ತಿತ್ತು.

ಬಿ ಖಾತಾವನ್ನು (ನಿಯಮಕ್ಕೆ ಪೂರ್ತಿ ಹೊಂದದ ಆಸ್ತಿಯ ದಾಖಲೆ) ಎ ಖಾತಾ ಮಾಡಿಸಿಕೊಡುವುದು, ಬಸ್ಸು ಹೆಚ್ಚು ಬಿಡಿಸುವುದು, ಮೆಟ್ರೊ ಫೀಡರ್, ಟ್ರಾಫಿಕ್ ಸಿಗ್ನಲ್. ಇವೂ ಇದೇ ಜಾತಿಯವು. ಒಂದು ಸರ್ಕಾರದ ತೀರ್ಮಾನ, ಒಂದು ಬಿಎಂಟಿಸಿ, ಒಂದು ಪೊಲೀಸರದ್ದು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ಬೇಕೋ ಬೇಡವೋ ಅನ್ನುವುದಕ್ಕೂ ಒಂದು ಪ್ಯಾರಾ ಇದೆ ('ಅಭಿವೃದ್ಧಿಗೆ ನಮ್ಮ ಬೆಂಬಲ, ಪರಿಸರಕ್ಕೂ ನಮ್ಮ ಬೆಂಬಲ'). ಅದನ್ನು ಓದಿ ನಮ್ಮ ಮನೆಯವರು ನಕ್ಕಷ್ಟು ಯಾವ ಕಾಮಿಡಿ ಶೋಗೂ ನಕ್ಕಿಲ್ಲ.

ಈಗ ಆರನೇ ಪುಟಕ್ಕೆ ಬರೋಣ. ಅದು ಫುಟ್‌ಪಾತ್ ಮತ್ತು ಒಳರಸ್ತೆಗಳ ಪುಟ. ಉಳಿದ ಹದಿನೈದನ್ನು ಯಾರೋ ಬರೆದುಕೊಟ್ಟಿರಬೇಕು, ಇದನ್ನು ಇವರೇ ಬರೆದಿದ್ದಾರೆ. ಮಾತಾಡಿದಾಗ ಗೊತ್ತಾಯಿತು, ಹಿಂದೆ ಒಬ್ಬ ಕಂಟ್ರಾಕ್ಟರ್ ಹತ್ತಿರ ಸೂಪರ್‌ವೈಸರ್ ಆಗಿದ್ದರಂತೆ. ಅವರು ಹೇಳುವುದು ಇಷ್ಟು. ಪ್ರತಿ ರಸ್ತೆ ಕಾಮಗಾರಿಗೂ ಒಂದು ಜಾಬ್ ಕೋಡ್, ಅಂದರೆ ಗುರುತಿನ ಸಂಖ್ಯೆ, ಇರುತ್ತದೆ. ಪ್ರತಿ ಕಾಮಗಾರಿಗೂ ಇಷ್ಟು ಕಾಲದವರೆಗೆ ಕೆಟ್ಟರೆ ಕಂಟ್ರಾಕ್ಟರೇ ಸ್ವಂತ ಖರ್ಚಿನಲ್ಲಿ ಸರಿ ಮಾಡಬೇಕು ಅಂತ ಕರಾರು ಇರುತ್ತದೆ, ಡಿಎಲ್‌ಪಿ ಅನ್ನುತ್ತಾರೆ. ಜನಕ್ಕೆ ಅದು ಗೊತ್ತಿರುವುದಿಲ್ಲ. ಗುಂಡಿ ಬಿದ್ದರೆ ಹೊಸ ಬಿಲ್ಲು ಹಾಕಿ ಹೊಸದಾಗಿ ಮುಚ್ಚುತ್ತಾರೆ, ಹಳೆ ಕಂಟ್ರಾಕ್ಟರ್ ಪಾರು. ಆದ್ದರಿಂದ ಗೆದ್ದರೆ ವಾರ್ಡಿನ ಪ್ರತಿ ರಸ್ತೆಯ ತಿರುವಿನಲ್ಲಿ ಒಂದು ಕಲ್ಲು ನೆಡಿಸುತ್ತಾರಂತೆ. ಅದರ ಮೇಲೆ ಜಾಬ್ ಕೋಡ್, ಕಂಟ್ರಾಕ್ಟರ್ ಹೆಸರು, ಖರ್ಚು, ಡಿಎಲ್‌ಪಿ ಮುಗಿಯುವ ತಾರೀಖು. "ಫ್ಲೆಕ್ಸ್ ಆದ್ರೆ ಹರಿದು ಹಾಕ್ತಾರೆ ಅಕ್ಕ, ಕಲ್ಲಾದ್ರೆ ಕೀಳೋಕೆ ನಾಚಿಕೆ ಆಗುತ್ತೆ."

ಇದು ಒಳ್ಳೆಯ ಯೋಚನೆ. ರಸ್ತೆಗುಂಡಿಗಳ ಕೇಸು ಹೈಕೋರ್ಟಿಗೆ ಹೋಗಿದ್ದೇ 2015ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಗಡುವು, ಎಷ್ಟು ಆ್ಯಪು. ಈ ಕಲ್ಲಿಗೆ ಹೊಸ ಕಾನೂನು ಬೇಡ, ಹೊಸ ಪ್ರಾಧಿಕಾರ ಬೇಡ, ಮುಖ್ಯಮಂತ್ರಿಗಳ ಅಪ್ಪಣೆ ಬೇಡ. ಒಬ್ಬ ವಾರ್ಡ್ ಸದಸ್ಯ ಹಟ ಹಿಡಿದರೆ ಆಗುವ ಕೆಲಸ. ಫುಟ್‌ಪಾತ್ ಬಗ್ಗೆಯೂ ಹಾಗೇ ನೆಲಕ್ಕೆ ಹತ್ತಿರದ ಮಾತು. ಕೇಬಲ್‌ನವರು ಚಪ್ಪಡಿ ಎತ್ತಿ ವಾಪಸ್ ಇಡದೆ ಹೋದರೆ ಅವರ ಡಿಪಾಸಿಟ್ ಹಿಡಿಯಬೇಕು. ಮನೆ ಕಾರಿನ ರ್‍ಯಾಂಪನ್ನು ಫುಟ್‌ಪಾತಿಗೆ ಚಾಚಿದವರಿಗೆ, ಅವರು ಸ್ವಂತ ಬೂತಿನವರಾದರೂ, ನೋಟಿಸ್. ತಳ್ಳುಗಾಡಿಯವರನ್ನು ಎಬ್ಬಿಸುತ್ತೇನೆ ಅಂತ ಮಾತ್ರ ಬರೆಯಲಿಲ್ಲ. ಎಬ್ಬಿಸಿ ಅಂತ ಹೇಳುವ ಅಸೋಸಿಯೇಷನ್‌ನವರ ವೋಟು ಹೋಗುತ್ತದೆ ಅಂತ ಗೊತ್ತಿದ್ದೂ ಬರೆಯಲಿಲ್ಲ. ಬೀದಿ ವ್ಯಾಪಾರಿಗಳಿಗೆ 2014ರಿಂದ ಕಾನೂನಿದೆ, ಜಾಗ ಗುರುತಿಸಿ ಕೊಡಬೇಕು, ಗೆರೆ ಎಳೆದು ಕೂರಿಸಿದರೆ ನಡೆಯುವವರಿಗೂ ದಾರಿ ಉಳಿಯುತ್ತದೆ ಅಂದರು. ಈ ಪುಟಕ್ಕೆ ನಾನು ಒಂದೂವರೆ ಸ್ಟಾರ್ ಕೊಡುತ್ತಿದ್ದೆ. ಕರೆಂಟ್ ಕಂಬದ ಮೇಲೆ ವರಮಹಾಲಕ್ಷ್ಮಿ ಹಬ್ಬದ ಶುಭಾಶಯದ ಇವರದೇ ಫ್ಲೆಕ್ಸ್ ಇನ್ನೂ ನೇತಾಡುತ್ತಿದ್ದರಿಂದ ಒಂದಕ್ಕೆ ಇಳಿಸಿದೆ. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಊರಿನಲ್ಲಿ ಫ್ಲೆಕ್ಸ್ ಹಾಕುವ ಹಾಗಿಲ್ಲ ಅಂತ ಇವರಿಗೆ ಗೊತ್ತಿಲ್ಲವೇ? "ಹುಡುಗ್ರು ಹಾಕಿಬಿಡ್ತಾರೆ ಅಕ್ಕ, ನನಗೆ ಗೊತ್ತೇ ಆಗಲ್ಲ." ಕಂಬ ಇರುವುದು ಅವರ ಕಚೇರಿಯ ಎದುರಿಗೇ.

ತೆರಿಗೆಯ ಪುಟ ದುರ್ಬಲ. ಆಸ್ತಿ ತೆರಿಗೆ ಏರಿಸುವುದಿಲ್ಲ, ಕಸದ ಶುಲ್ಕ ರದ್ದು ಮಾಡಿಸುತ್ತೇನೆ. ದರದ ವಿಷಯದಲ್ಲಿ ಪಾಲಿಕೆಯ ಸಭೆಗೆ ಮಾತಿದೆ, ಒಪ್ಪಿದೆ, ಆದರೆ ಒಬ್ಬ ಸದಸ್ಯರಿಗೆ ಇರುವುದು ಒಂದೇ ವೋಟು. ಮತ್ತೆ ತೆರಿಗೆ ಬೇಡ ಅಂದವರು ಐದನೇ ಪುಟದಲ್ಲಿ ಜಿಮ್ಮು, ಗ್ರಂಥಾಲಯ, ಸಿಸಿ ಟಿವಿ, ಡಯಾಲಿಸಿಸ್ ಕೇಂದ್ರ ಎಲ್ಲ ಕೊಡುತ್ತೇನೆ ಅಂದಿದ್ದಾರೆ. ದುಡ್ಡು? ಅದಕ್ಕೆ ಅವರ ಉತ್ತರ ಕೇಳುವ ಹಾಗಿತ್ತು. ನಮ್ಮದು ಸ್ವಯಂ ಘೋಷಣೆಯ ತೆರಿಗೆ, ಮೂರು ಅಂತಸ್ತು ಕಟ್ಟಿ ಒಂದಕ್ಕೆ ಕಟ್ಟುವವರು ಬೀದಿಗೆ ನಾಲ್ಕು ಜನ ಇದ್ದಾರೆ, ಅವರನ್ನು ಹಿಡಿದರೆ ದರ ಏರಿಸುವುದೇ ಬೇಡ ಅಂದರು. ಹಾಗಾದರೆ ಅದನ್ನೇ ಯಾಕೆ ಬರೆಯಲಿಲ್ಲ ಅಂದೆ. ಆ ನಾಲ್ಕು ಜನರೂ ವೋಟರುಗಳು ಅಂತ ಅವರು ಹೇಳಲಿಲ್ಲ, ನಾನೇ ಅರ್ಥ ಮಾಡಿಕೊಂಡೆ.

ಕಸದ ಶುಲ್ಕದ ಬಗ್ಗೆ ನನಗೂ ಅವರಿಗೂ ಸ್ವಲ್ಪ ವಾದವೇ ಆಯಿತು. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆಗೆ ಇದೂ ಬರುತ್ತಿದೆ, ಮನೆಗಳಿಗೆ ಕಟ್ಟಡದ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. 'ಕಸಕ್ಕೂ ತೆರಿಗೆಯೇ?' ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ನಾನು ಹೇಳಿದ್ದು, ಸಾರ್, ಕೊಡೋಣ, ನಮ್ಮ ಕಸವನ್ನು ಬರಿಗೈಯಲ್ಲಿ ಎತ್ತುವವರಿಗೆ ಗ್ಲೌಸು, ಸಂಬಳ ಸರಿಯಾಗಿ ಸಿಗುವುದಾದರೆ ಕೊಡೋಣ, ಆದರೆ ಗಾಡಿ ಹೊತ್ತಿಗೆ ಸರಿಯಾಗಿ ಬರಬೇಕು. ಅವರು ಅದಕ್ಕೆ ತಲೆಯಾಡಿಸಿ, ಕಸದ ಟೆಂಡರು ಈಗ ಬೇರೆ ಕಂಪನಿಯ ಕೈಯಲ್ಲಿದೆ, 2021ರಲ್ಲೇ ಘನತ್ಯಾಜ್ಯಕ್ಕೆ ಅಂತ ಪ್ರತ್ಯೇಕ ನಿಗಮ ಮಾಡಿದ್ದಾರೆ, ಸದಸ್ಯರು ಏನು ಮಾಡೋಕಾಗುತ್ತೆ ಅಂದರು. ನೀರಿನ ಪುಟದಲ್ಲಿ ಇಲ್ಲದ ಈ ಜ್ಞಾನ ಇಲ್ಲಿ ಹೇಗೆ ಬಂತೋ!

ಅಷ್ಟರಲ್ಲಿ ಶ್ರೀಮತಿಯವರು ಒಳಗೆ ಬಂದರು, ರಕ್ಷಾಪುಟದವರು. ಸುಮ್ನೆ ಕುರ್ಚಿ ಎಳೆದುಕೊಂಡು ಕೂತರು. ನಿಮ್ಮ ಅಭಿಪ್ರಾಯ ಏನು ಮೇಡಂ ಅಂತ ಕೇಳಿದೆ. ಉತ್ತರ ಗಂಡ ಕೊಟ್ಟರು. ನಾನು ಮತ್ತೆ ಅವರ ಕಡೆಗೇ ತಿರುಗಿ ಕೇಳಿದೆ.

"ಅಕ್ಕ, ಗಾಡಿ ಬರೋದು ಒಂಬತ್ತೂವರೆ, ಹತ್ತಕ್ಕೆ. ಹಿಂದಿನ ಬೀದೀಲಿ ಗಾರ್ಮೆಂಟ್ಸಿಗೆ ಹೋಗೋರೇ ಜಾಸ್ತಿ, ಎಂಟಕ್ಕೆಲ್ಲ ಮನೆ ಬಿಡ್ತಾರೆ. ಅವರು ಕಸ ಯಾರಿಗೆ ಕೊಡಬೇಕು? ಹೋಗೋ ದಾರೀಲಿ ಟ್ರಾನ್ಸ್‌ಫಾರ್ಮರ್ ಹತ್ರ ಇಟ್ಟು ಹೋಗ್ತಾರೆ. ಬ್ಲಾಕ್ ಸ್ಪಾಟು ಅಂತ ನೀವು ಅಲ್ಲಿ ರಂಗೋಲಿ ಹಾಕಿದ್ರೆ ಹತ್ತು ಹೆಜ್ಜೆ ಆಚೆ ಇಡ್ತಾರೆ. ಗಾಡಿನ ಏಳಕ್ಕೆ ಆ ಬೀದಿಗೆ ಮೊದಲು ಕಳಿಸಿ, ಆಮೇಲೆ ನಮ್ಮ ಕಡೆ ಬರಲಿ."

ಹದಿನಾರು ಪುಟದಲ್ಲಿ ಕಸದ ಬಗ್ಗೆ ಇಷ್ಟು ಸ್ಪಷ್ಟವಾದ ಮಾತು ಒಂದೂ ಇಲ್ಲ. ಹಸಿ, ಒಣ ಬೇರೆ ಮಾಡಿ ಅಂತ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಲೆಕ್ಕ ಹಾಕಿಕೊಟ್ಟದ್ದು 2015ರಲ್ಲಿ. ಕಸ ಸುರಿಯುವ ಜಾಗವಾಗಿದ್ದ ಮಂಡೂರಿನವರು ನಮ್ಮ ಊರಿನ ಕಸದ ವಾಸನೆ ಕುಡಿದು ರೋಸಿಹೋಗಿ ಲಾರಿ ನಿಲ್ಲಿಸಿದ್ದು ಅದಕ್ಕೂ ಮೊದಲು. ಅಷ್ಟೆಲ್ಲ ಆಗಿಯೂ ನಮ್ಮ ಟ್ರಾನ್ಸ್‌ಫಾರ್ಮರ್ ಕೆಳಗಿನ ಗುಡ್ಡೆ ಕರಗಲಿಲ್ಲ ಅಂದರೆ ಅದಕ್ಕೆ ಕಾರಣ ಜನರ ಬುದ್ಧಿ ಅಲ್ಲ, ಗಾಡಿಯ ಟೈಮು ಅಂತ ಇಷ್ಟು ದಿನ ಯಾರೂ ಹೇಳಿರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಬೀದಿಗೆ ಕಸ ಎಸೆದವರ ಮನೆ ಮುಂದೆಯೇ ಕಸ ಸುರಿದ 'ಕಸ ಸುರಿಯುವ ಹಬ್ಬ' ನಡೆಯಿತಲ್ಲ, ಅದು ಗಂಡನಿಗೆ ಬಹಳ ಇಷ್ಟವಾಗಿದೆ. ವಾರ್ಡಿನಲ್ಲೂ ಮಾಡಿಸುತ್ತಾರಂತೆ. ಹೆಂಡತಿ ಒಂದೇ ಮಾತು ಅಂದರು: "ಸುರಿದಿದ್ದನ್ನ ಮತ್ತೆ ಎತ್ತೋದೂ ಆ ಪೌರಕಾರ್ಮಿಕರೇ ಅಲ್ವಾ?"

ರಾಜಕಾಲುವೆ, ಕೆರೆ, ಮರ ಮೂರಕ್ಕೂ ಸೇರಿಸಿ ಒಂದು ಪುಟ. 2022ರಲ್ಲಿ ಬೆಳ್ಳಂದೂರಿನ ಕಡೆ ದೋಣಿ ಓಡಿದ್ದರ, 2025ರ ಮೇನಲ್ಲಿ ಹೊರಮಾವಿನ ಸಾಯಿ ಬಡಾವಣೆ ಮುಳುಗಿದ್ದರ ಫೋಟೋಗಳಿವೆ. ಫೋಟೋ ಬೇರೆಯವರ ವಾರ್ಡಿನವು. ನಮ್ಮ ಮೋರಿಯ ಹೂಳು ಮಳೆಗಾಲಕ್ಕೆ ಮೊದಲು ಯಾವಾಗ ಎತ್ತಿಸುತ್ತಾರೆ, ಎತ್ತಿದ ಹೂಳನ್ನು ಪಕ್ಕದಲ್ಲೇ ಬಿಟ್ಟು ಮೊದಲ ಮಳೆಗೆ ವಾಪಸ್ ಮೋರಿಗೇ ಹೋಗುವುದನ್ನು ಹೇಗೆ ತಡೆಯುತ್ತಾರೆ, ಅದಿಲ್ಲ. ಮುಂದಿನ ಪುಟ.

ಈಗ ಮುಖ್ಯವಾದದ್ದು. ಪುಸ್ತಿಕೆಯಲ್ಲಿ 'ವಾರ್ಡ್ ಸಮಿತಿ' ಅನ್ನುವ ಎರಡು ಪದಗಳೇ ಇಲ್ಲ. ಎರಡು ಸಲ ಹುಡುಕಿದೆ. ಒಂದು ಸ್ಟಾರ್ ಪೂರ್ತಿ ಹೋದದ್ದು ಇದಕ್ಕೆ.

ಗೊತ್ತಿಲ್ಲದವರಿಗೆ: ದೊಡ್ಡ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನವೇ ಹೇಳುತ್ತದೆ. ನಮ್ಮ ಹಳೆ ಪಾಲಿಕೆಯಲ್ಲಿ ಸದಸ್ಯರೇ ಅಧ್ಯಕ್ಷರು, ಜೊತೆಗೆ ವಾರ್ಡಿನ ಹತ್ತು ಜನ, ಅದರಲ್ಲಿ ಮೂವರಾದರೂ ಹೆಂಗಸರು. ತಿಂಗಳ ಮೊದಲ ಶನಿವಾರ ಸಭೆ ಅಂತ ಒಂದು ಕಾಲಕ್ಕೆ ನಿಗದಿಯೂ ಆಗಿತ್ತು. ಯಾರು ಬೇಕಾದರೂ ಹೋಗಿ ಎಂಜಿನಿಯರನ್ನು ಎದುರಿಗೆ ಕೂರಿಸಿಕೊಂಡು ಆ ದೀಪ ಏನಾಯಿತು, ಈ ಮೋರಿ ಏನಾಯಿತು ಅಂತ ಕೇಳಬಹುದಿತ್ತು. ನಾನು ಹೋಗುತ್ತಿದ್ದೆ. ಎಷ್ಟೋ ಸಲ ಸಭೆ ಕಾಟಾಚಾರಕ್ಕೆ ನಡೆಯುತ್ತಿತ್ತು, ನಿಜ, ಆದರೆ ಬರೆದುಕೊಳ್ಳುತ್ತಿದ್ದರು, ಮುಂದಿನ ತಿಂಗಳು ಅದೇ ಪುಸ್ತಕ ತೆರೆಸಿ ಕೇಳುವ ಹಕ್ಕು ನಮಗಿತ್ತು. ಹೊಸ ಕಾಯ್ದೆಯಲ್ಲೂ ವಾರ್ಡ್ ಸಮಿತಿ ಇದೆ.

ಇದನ್ನು ಕೇಳಿದಾಗ ಅವರು ಕೊಟ್ಟ ಉತ್ತರ: "ನಮ್ಮ ಹುಡುಗ್ರು ಪ್ರತಿ ಬೀದಿಗೂ ಇದಾರೆ ಅಕ್ಕ, ಅದೇ ಒಂಥರಾ ವಾರ್ಡ್ ಸಮಿತಿ. ಜೊತೆಗೆ ವಾಟ್ಸಾಪ್ ಗ್ರೂಪ್ ಇದೆ." ನಾನು ಆ ಗ್ರೂಪಿನಲ್ಲಿದ್ದೇನೆ. ಅದರಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು.

ನನ್ನ ತಕರಾರು ಇಷ್ಟೇ. ಇವರ ಕಚೇರಿಯಲ್ಲಿ ಕೆಲಸ ಆಗುತ್ತದೆ, ಸಂತೋಷ. ಆದರೆ ಕೆಲಸ ಆಗುವುದು ಇವರಿಗೆ ಎಇ (ಸಹಾಯಕ ಎಂಜಿನಿಯರ್) ಪರಿಚಯ, ರೆವೆನ್ಯೂ ಇನ್‌ಸ್ಪೆಕ್ಟರ್ ಪರಿಚಯ ಅನ್ನುವ ಕಾರಣಕ್ಕೆ. ದೀಪ ಉರಿದ ಮೇಲೆ ನಾನು ಇವರಿಗೆ ಥ್ಯಾಂಕ್ಸ್ ಹೇಳಬೇಕು. ವಾರ್ಡ್ ಸಮಿತಿಯಲ್ಲಿ ಅದೇ ದೀಪದ ಬಗ್ಗೆ ಕೇಳಿದರೆ ಯಾರಿಗೂ ಋಣವಿಲ್ಲ, ತೆರಿಗೆ ಕಟ್ಟಿದ್ದೇನೆ, ಕೇಳುತ್ತಿದ್ದೇನೆ. ಸಮಿತಿ ಚೆನ್ನಾಗಿ ನಡೆದರೆ ಇಂಥ ಶಟರ್ ಕಚೇರಿಗೆ ಜನ ಬರುವುದು ಕಡಿಮೆಯಾಗುತ್ತದೆ, ಅದು ಇವರಿಗೂ ಚೆನ್ನಾಗಿ ಗೊತ್ತು. ಹೀಗೆ ನೇರವಾಗಿಯೇ ಅಂದೆ. ಬೇಜಾರು ಮಾಡಿಕೊಳ್ಳಲಿಲ್ಲ. ಯೋಚನೆ ಮಾಡ್ತೀನಿ ಅಂದರು. ಪಾಲಿಟಿಕ್ಸ್‌ನಲ್ಲಿ ಹಾಗಂದರೆ ಏನು ಅಂತ ನಿಮಗೂ ಗೊತ್ತು.

ಮೇಯರ್ ಬಗ್ಗೆಯೂ ಕೇಳಿದ್ದೆ, ಅದು ಪುಸ್ತಿಕೆಯಲ್ಲಿ ಇಲ್ಲದ ವಿಷಯ. 2015ರಲ್ಲಿ 198ರಲ್ಲಿ ಬಿಜೆಪಿಗೆ 100 ಸೀಟು ಬಂದರೂ ಮೇಯರ್ ಆದದ್ದು ಕಾಂಗ್ರೆಸ್ಸಿನವರು, 76 ಸೀಟು ಇಟ್ಟುಕೊಂಡು, 14 ಸೀಟಿನ ಜೆಡಿಎಸ್ ಜೊತೆ ಸೇರಿ. ಶಾಸಕರು, ಸಂಸದರು ಬಂದು ವೋಟು ಹಾಕಿದ್ದರಿಂದ ಲೆಕ್ಕ ತಿರುಗಿತು. ಆಗ ಮೇಯರ್‌ಗೆ ಇದ್ದದ್ದೂ ವರ್ಷಕ್ಕೊಬ್ಬರು ಅನ್ನುವ ಅವಧಿ, ಕುರ್ಚಿ ಬಿಸಿಯಾಗುವಷ್ಟರಲ್ಲಿ ಎದ್ದು ಹೋಗಬೇಕು. ಈಗ ಎರಡೂವರೆ ವರ್ಷ ಮಾಡಿದ್ದಾರೆ. ಇವರು ಅದನ್ನು ಮೆಚ್ಚಿಕೊಂಡರು, ಒಂದು ರಸ್ತೆಯ ಟೆಂಡರ್ ಮುಗಿಯುವುದಕ್ಕೇ ಒಂದು ವರ್ಷ ಬೇಕು ಅಂತ ಲೆಕ್ಕ ಕೊಟ್ಟರು, ಸರಿಯಾದ ಮಾತು. ಐದು ಪಾಲಿಕೆಗಳ ಮೇಲೆ ಕೂತಿರುವ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು, ಹಾಗಾದರೆ ಐದು ಮೇಯರ್‌ಗಳಿಗೆ ಉಳಿಯುವುದೇನು ಅಂದೆ. ಗೋಡೆಯ ಮೇಲಿನ ಫೋಟೋ ಕಡೆ ಒಂದು ಸಲ ನೋಡಿ, ಇನ್ನೊಂದು ಕಾಫಿ ತರಿಸಿದರು.

ವೋಟು ಹಾಕುತ್ತೇನಾ? ಆ ಕಲ್ಲಿನ ಯೋಚನೆಗಾದರೂ ಹಾಕಬಹುದು. ವಾರ್ಡ್ ಮಹಿಳಾ ಮೀಸಲಾಗಿ ಶ್ರೀಮತಿಯವರು ನಿಂತರೆ, ಮತ್ತು ಪ್ರಶ್ನೆ ಕೇಳಿದಾಗ ಉತ್ತರವನ್ನೂ ಅವರೇ ಕೊಟ್ಟರೆ, ಖಂಡಿತ ಹಾಕುತ್ತೇನೆ.

ಹೋಗುವವರಿಗೆ ಕೆಲವು ಮಾತು. ಬೆಳಗ್ಗೆ ಹತ್ತೂವರೆಯ ಮೇಲೆ ಹೋಗಿ, ಅದಕ್ಕೆ ಮೊದಲು ಶಟರ್ ತೆಗೆದಿರುತ್ತದೆ, ಕಂಪ್ಯೂಟರ್ ಹುಡುಗಿ ಬಂದಿರುವುದಿಲ್ಲ. ಸೋಮವಾರ ಪಿಂಚಣಿ ಅರ್ಜಿಯವರ ಸಾಲು ಇರುತ್ತದೆ. ಗಾಡಿ ನಿಲ್ಲಿಸಲು ಜಾಗವಿಲ್ಲ, ಇರುವ ಜಾಗದಲ್ಲಿ ಅವರ ಹುಡುಗರ ಬೈಕುಗಳು. ಇ-ಖಾತಾಗೆ ಹೋಗುವುದಾದರೆ ಕ್ರಯಪತ್ರದ ಜೆರಾಕ್ಸ್ ಸ್ಪಷ್ಟವಾಗಿರಲಿ, ಮಾಸಿದ್ದರೆ ವಾಪಸ್ ಕಳಿಸುತ್ತಾರೆ. ದೀಪ, ಕಸ, ಗುಂಡಿಗಾದರೆ 1533ಕ್ಕೆ, ನೀರು, ಒಳಚರಂಡಿಗಾದರೆ 1916ಕ್ಕೆ, ಕರೆಂಟಿಗಾದರೆ 1912ಕ್ಕೆ ನೀವೇ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಆಗಲಿಲ್ಲ ಅಂದರೆ ಆ ಸಂಖ್ಯೆ ಹಿಡಿದುಕೊಂಡೇ ಇವರ ಹತ್ತಿರ ಹೋಗಿ, ಕೆಲಸ ಬೇಗ ಆಗುತ್ತದೆ. ಫಾರಂನಲ್ಲಿ ಹೆಸರು, ವಿಳಾಸ, ಫೋನು ಸಾಕು. ವೋಟುಗಳ ಕಾಲಂ ಖಾಲಿ ಬಿಟ್ಟರೂ ಅರ್ಜಿ ತೆಗೆದುಕೊಳ್ಳುತ್ತಾರೆ, ಯಾರೂ ಮತ್ತೆ ಕೇಳುವುದಿಲ್ಲ.